ನೀನು ಕಳಿಸಿದ ನೀಲಿ ಬಟ್ಟೆ

ಹೊಲಿಗೆ ಅಂಗಡಿಯಿಂದ,
ಸೋಮವಾರ ಮಧ್ಯಾಹ್ನ

ಪ್ರೀತಿಯ ಮಗನಿಗೆ,

ಹೇಗಿದ್ದೀಯಪ್ಪ? ಸೊಂಟನೋವು ಕಡಿಮೆಯಾಯಿತೇ? ವಿಮಾನದ ಹೊಟ್ಟೆಯ ಕೆಳಗೆ ಮಲಗಿ ನಟ್ಟು ಬಿಗಿಯುವುದನ್ನು ಇನ್ನಾದರೂ ಚಿಕ್ಕವರಿಗೆ ಬಿಡು ಎಂದರೆ ನೀನೆಲ್ಲಿ ಕೇಳುತ್ತೀಯ! ನಾನು ಗಟ್ಟಿಯಾಗಿದ್ದೇನೆ. ಸೂಜಿಗೆ ದಾರ ಪೋಣಿಸಲು ಮಾತ್ರ ಗುಂಡಿ ಹೊಲಿಯುವವಳನ್ನು ಕರೆಯಬೇಕು. ಕತ್ತರಿ ಇನ್ನೂ ನನ್ನ ಮಾತು ಕೇಳುತ್ತದೆ.

ನೀನು ಫೋನ್ ಎತ್ತುತ್ತಿಲ್ಲ. ಇರಲಿ, ಕಾಗದವನ್ನಾದರೂ ಓದುತ್ತೀಯ. ನಿನ್ನ ಮಗಳನ್ನು ಪೊಲೀಸ್ ತರಬೇತಿ ಶಾಲೆಯ ಗೇಟಿನವರೆಗೆ ಬಿಟ್ಟುಬಂದವಳು ನಾನೇ. ಅವಳ ಟ್ರಂಕಿನ ಒಂದು ಹಿಡಿ ನನ್ನ ಕೈಯಲ್ಲಿತ್ತು. ಕೂಗಾಡುವುದಿದ್ದರೆ ನನ್ನ ಮೇಲೆ ಕೂಗಾಡು, ಅವಳ ತಂಟೆಗೆ ಹೋಗಬೇಡ.

ನಿನ್ನ ವಾಯುಪಡೆಯ ಪರೀಕ್ಷೆಯಲ್ಲೂ ಪಾಸಾಗಿದ್ದಳಲ್ಲ ಎಂದು ನಿನಗೆ ಹೊಟ್ಟೆ ಉರಿಯುತ್ತಿದೆ, ಗೊತ್ತು. ಕಳೆದ ರಜೆಯಲ್ಲಿ ಊಟಕ್ಕೆ ಕೂತವಳ ತಲೆ ತಿಂದೆ. ಇಂಜಿನ್ ಕೆಲಸ ಕಲಿಯಬಹುದು, ಅದು ಬೇಡವಾದರೆ ರೇಡಾರ್ ಇದೆ, ಆಮೇಲೆ ಇನ್ನೊಂದು ಪರೀಕ್ಷೆ ಬರೆದರೆ ಅಧಿಕಾರಿ, ಅದೃಷ್ಟವಿದ್ದರೆ ಹಾರಾಟವನ್ನೂ ಕಲಿಸುತ್ತಾರೆ ಎಂದೆ. ಅವಳು ಎಲ್ಲದಕ್ಕೂ ತಲೆಯಾಡಿಸಿದಳು. ಇನ್ನೊಂಚೂರು ಬಡಿಸಲೇ ಎಂದರೂ ಅವಳು ಹಾಗೇ ತಲೆಯಾಡಿಸುತ್ತಾಳೆ, ಆಮೇಲೆ ತಟ್ಟೆಯಲ್ಲೇ ಬಿಟ್ಟು ಏಳುತ್ತಾಳೆ. ಹೆತ್ತವನಿಗೆ ಅಷ್ಟೂ ತಿಳಿಯಬಾರದೇ? ದರ್ಜಿಯ ಮಗನಾಗಿ, ಅಳತೆಯನ್ನೇ ಕೇಳದೆ ಅವಳ ಸಮವಸ್ತ್ರಕ್ಕೆಂದು ನೀಲಿ ಬಟ್ಟೆ ಕಳಿಸಿಬಿಟ್ಟೆ.

ಅವಳು ಯಾಕೆ ಖಾಕಿ ಹಿಡಿದಳು, ಕೇಳು. ಒಂದು ದಿನ ನಮ್ಮ ಗುಂಡಿ ಹೊಲಿಯುವವಳು ಕಣ್ಣು ಊದಿಸಿಕೊಂಡು ಬಂದಳು. ಗಂಡನ ಕೆಲಸ. ಅವಳು, ನಾನು, ನಿನ್ನ ಮಗಳು ಮೂವರೂ ಠಾಣೆಗೆ ಹೋದೆವು. ದೂರು ಬರೆಯುವ ಪೇದೆ ಪೆನ್ನನ್ನೇ ತೆಗೆಯಲಿಲ್ಲ. "ಗಂಡ ಹೆಂಡ್ತಿ ಜಗಳ ಕಣಮ್ಮ, ಮನೇಲೇ ಬಗೆಹರಿಸ್ಕೊಳ್ಳಿ" ಅಂದ. ನಿನ್ನ ಮಗಳು ಬೆಂಚಿನ ಮೇಲೆ ಕೂತವಳು ಏಳಲೇ ಇಲ್ಲ. ಅವನು ನಕ್ಕು, "ಅಷ್ಟು ಹಟ ಇದ್ರೆ ನೀನೇ ಬಂದು ಬರ್ಕೊಳ್ಳಮ್ಮ" ಅಂದ. "ಬರ್ತೀನಿ. ಇದೇ ಕುರ್ಚೀಲಿ ಕೂತ್ಕೊಂಡು ಬರೀತೀನಿ" ಅಂದಳು ನಿನ್ನ ಮಗಳು! ನನಗೆ ಒಳಗೊಳಗೇ ಖುಷಿಯಾಯಿತು. ಕತ್ತಲಾಗುವ ಹೊತ್ತಿಗೆ ಅವನು ಮುಖ ಸಿಂಡರಿಸಿಕೊಂಡು ದೂರು ಬರೆದ. ವಾಪಸು ಬರುವಾಗ ಅವಳು, "ಅಜ್ಜಿ, ಒಬ್ಳೇ ಬರೋಳ ಜೊತೆ ಯಾರು ಕೂತ್ಕೊಳ್ತಾರೆ?" ಎಂದು ಕೇಳಿದಳು. ಇಷ್ಟು ವರ್ಷ ಖಾಕಿ ಹೊಲಿದವಳು ನಾನು, ಅದನ್ನು ತೊಡಲು ಸಬ್ ಇನ್ಸ್‌ಪೆಕ್ಟರ್ ಕೆಲಸಕ್ಕೆ ಅರ್ಜಿ ಹಾಕಿದವಳು ಅವಳು.

ನಿನ್ನ ಕೆಲಸ ಸಣ್ಣದೆಂದು ನಾನು ಹೇಳುತ್ತಿಲ್ಲ. ಬೀದಿಗೆಲ್ಲ ಎದೆಯುಬ್ಬಿಸಿ ಹೇಳಿಕೊಂಡು ಬಂದವಳು ನಾನು. ಆದರೆ ನೆನಪಿದೆಯೇ, ನೀನು ಹೊರಟಾಗ ನಿನ್ನಪ್ಪ "ಅಂಗಡಿ ಯಾರು ನೋಡ್ಕೋತಾರೆ" ಎಂದು ಮಾತು ಬಿಟ್ಟಿದ್ದರು. ಆ ದಿನ ನಿನ್ನ ಟ್ರಂಕಿನ ಹಿಡಿ ಹಿಡಿದವಳು ಯಾರು? ಆಗ ನಾನು ಒಳ್ಳೆಯ ಅಮ್ಮ, ಈಗ ಮನೆಮುರುಕಿಯೇ? ಹೋಗೋ!

ಅವಳಿಗೆ ಅಲ್ಲಿ ಓಟ, ಕವಾಯತು, ಬಂದೂಕು, ಕಾನೂನಿನ ಪಾಠ, ಜೀಪು ಓಡಿಸುವುದು, ಎಲ್ಲವೂ ಇದೆ. ಕಾಲಿನಲ್ಲಿ ಬೊಬ್ಬೆ ಎದ್ದಿದೆ, ಅದಕ್ಕೆಲ್ಲ ಜಗ್ಗುವವಳಲ್ಲ. ಭಾನುವಾರ ಫೋನ್ ಮಾಡಿದಾಗಲೆಲ್ಲ ಕೊನೆಗೆ ಒಂದೇ ಮಾತು: "ಅಪ್ಪ ಏನಾದ್ರೂ ಅಂದ್ರಾ?" ನಾನೂ ಏನೇನೋ ಕಟ್ಟಿ ಹೇಳಿದೆ. ಇನ್ನು ನನ್ನ ಹತ್ತಿರ ಸುಳ್ಳು ಉಳಿದಿಲ್ಲ.

ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟುಕೋ. ಸಿಟ್ಟು ನನ್ನ ಮೇಲಿರಲಿ, ಊಟದ ಮೇಲೆ ಬೇಡ. ನೂರು ಕಾಲ ಚೆನ್ನಾಗಿರು.

ನಿನಗಿಂತ ಹಟಮಾರಿಯಾದ
ನಿನ್ನ ಅಮ್ಮ

ಮರೆತಿದ್ದೆ, ಟಪಾಲು ಹೊರಡುವ ಹೊತ್ತಾಯಿತು: ತರಬೇತಿ ಮುಗಿದ ದಿನ ಭುಜಕ್ಕೆ ನಕ್ಷತ್ರ ಹಾಕುವವರು ಮನೆಯವರೇ. ಅವಳು ನಿನ್ನ ಹೆಸರು ಕೊಟ್ಟಿದ್ದಾಳೆ, ನನ್ನದಲ್ಲ. ಆ ನೀಲಿ ಬಟ್ಟೆಯಲ್ಲಿ ನಿನಗೇ ಅಂಗಿ ಹೊಲಿದಿದ್ದೇನೆ. ನನ್ನ ಹತ್ತಿರ ಇರುವುದು ನೀನು ಮನೆ ಬಿಟ್ಟಾಗಿನ ಅಳತೆ. ಈಗ ದಪ್ಪಗಾಗಿರುತ್ತೀಯ ಎಂದು ಪಕ್ಕದ ಹೊಲಿಗೆಯೊಳಗೆ ಬಟ್ಟೆ ಬಿಟ್ಟಿದ್ದೇನೆ. ಅಂಚೆಯಲ್ಲಿ ಕಳಿಸುವುದಿಲ್ಲ. ಬಂದು ಹಾಕಿ ನೋಡು.