ಸದ್ದು ನಿಂತಾಗ ಕರೀತೀನಿ

ತೈಪೆ
ನವೆಂಬರ್ ೧೪

ಅಮ್ಮಾ,

ಹೇಗಿದ್ದೀಯ? ಅಕ್ಷರ ದಪ್ಪಗೆ ಬರೆದಿದ್ದೀನಿ, ನಿನ್ನ ಬಲಗಣ್ಣಿಗೆ ಕಾಣಲಿ ಅಂತ. ಲಿಯೆನ್ ಚಿಕ್ಕಮ್ಮನ ಕೈಲಿ ಓದಿಸಬೇಡ, ನಿನ್ನ ದಮ್ಮಯ್ಯ. ನಿಧಾನಕ್ಕೆ ನೀನೇ ಓದು. ಫೋನಿನಲ್ಲಿ ಹೇಳೋಣ ಅಂತ ಎಷ್ಟು ಸಲ ಹೊರಟರೂ ಬಾಯಿಂದ "ಊಟ ಆಯ್ತಾ" ಬಿಟ್ಟು ಬೇರೇನೂ ಹೊರಡಲಿಲ್ಲ.

ಎಡಗಣ್ಣಿನ ಆಪರೇಷನ್ ಬೇಡ ಅಂದೆಯಂತೆ. "ಮಗಳ ಮನೇಲಿ ಹಾಸಿಗೆ ಒದ್ದೆ ಮಾಡ್ಕೊಂಡೆ, ಇನ್ಯಾವ ಮುಖ ಇಟ್ಕೊಂಡು ಹೋಗ್ಲಿ" ಅಂತ ಅಳುತ್ತಿದ್ದೆಯಂತೆ. ಚಿಕ್ಕಮ್ಮ ಹೇಳಿದಳು. ತಡ ಮಾಡಿದರೆ ಆ ಕಣ್ಣು ಹೋಗುತ್ತೆ ಅಂತ ಡಾಕ್ಟರು ನಿನ್ನೆದುರಿಗೇ ಹೇಳಿದ್ದಾರೆ. ಅದಕ್ಕೇ ಇದನ್ನು ಬರೆಯಲೇಬೇಕಾಯಿತು. ಮುಖ ಮುಚ್ಚಿಕೊಳ್ಳಬೇಕಾದವಳು ನಾನು ಅಮ್ಮ, ನೀನಲ್ಲ.

ಬಲಗಣ್ಣಿನ ಆಪರೇಷನ್ನಿಗೆ ಮುಂಚೆ ಇಬ್ಬರೂ ಕೀಬೋರ್ಡ್ ತರೋಕೆ ಗುವಾಂಗ್‌ಹುವಾ ಮಾರ್ಕೆಟ್ಟಿಗೆ ಹೋಗಿದ್ದೆವಲ್ಲ. ನಾನು ಕೀಗಳಡಿ ಕೆಂಪು ಸ್ವಿಚ್ಚಿರೋ, ಸದ್ದು ಮಾಡದ ಕೀಬೋರ್ಡಿನ ಮೇಲೆ ಕೈಯಾಡಿಸುತ್ತಿದ್ದೆ. ಮೆತ್ತಗೆ ಇಳಿಯುತ್ತಿತ್ತು, ದಿನವಿಡೀ ಕೋಡ್ ಬರೆಯೋರಿಗೆ ಬೆರಳು ನೋಯಲ್ಲ. ನೀನು ಪಕ್ಕದ ನೀಲಿ ಸ್ವಿಚ್ಚಿನದನ್ನು ಒತ್ತಿದೆ. ಟಕ್ ಟಕ್! ಅಂಗಡಿಯವನು ನಕ್ಕು, "ಅದು ಬೇಡ ಅಕ್ಕಾ, ಆಫೀಸಲ್ಲಿ ಪಕ್ಕದೋರು ಎದ್ದು ಬಂದು ಹೊಡೀತಾರೆ" ಅಂದ. ನೀನು ಬಿಡಲಿಲ್ಲ. "ಇದೇ ಇರ್ಲಿ ಯುನ್. ಆಪರೇಷನ್ ಆದ್ಮೇಲೆ ನಾನು ಬೋರಲು ಮಲಗಿರೋಳು, ನಿನ್ನ ಮುಖ ಕಾಣಲ್ಲ. ಇದಾದ್ರೆ ಒಳಗೆ ಕೇಳಿಸುತ್ತೆ. ಸದ್ದು ನಿಂತಾಗ ಕರೀತೀನಿ, ನಿನ್ನ ಕೆಲಸ ಕೆಡಿಸಲ್ಲ" ಅಂದೆ. ನಾನು ತಕ್ಷಣ ಹೂಂ ಅಂದೆ. ಎದ್ದು ಬಂದು ಹೊಡೆಯೋಕೆ ನಂಗೆ ಪಕ್ಕದೋರೇ ಇರಲಿಲ್ಲ ಅಮ್ಮ. ಕೆಲಸ ಹೋಗಿ ಆಗಲೇ ಎರಡು ತಿಂಗಳಾಗಿತ್ತು.

ಹೇಗೆ ಹೇಳಲಿ? ಟೋಫು ಮಾರುವವಳ ಹತ್ತಿರವೂ "ನನ್ನ ಮಗಳು ತೈಪೆಯಲ್ಲಿ ಪ್ರೋಗ್ರಾಮರ್" ಅಂತ ಕೊಚ್ಚಿಕೊಳ್ಳೋಳು ನೀನು.

ಆಪರೇಷನ್ನಿನಲ್ಲಿ ಡಾಕ್ಟರು ಒಳಪೊರೆ ಕೂಡಲಿ ಅಂತ ಕಣ್ಣೊಳಗೆ ಗ್ಯಾಸ್ ತುಂಬಿ, ವಾರವಿಡೀ ಬೋರಲು ಮಲಗಿರಬೇಕು, ಒಬ್ಬಳೇ ಏಳಬಾರದು ಅಂದರು. ನಾನು ಮನೆಯಿಂದಲೇ ಆಫೀಸ್ ಕೆಲಸ ಮಾಡೋಳ ಹಾಗೆ ಗೋಡೆಯಾಚೆ ಕೂತು ಕೀಬೋರ್ಡ್ ಕುಟ್ಟಿದೆ. ನಿಜವಾದ ಕೆಲಸ ಇದ್ದಾಗ ಹಾಗೆ ಕುಟ್ಟೋದೇ ಇಲ್ಲ. ನಾಲ್ಕು ಸಾಲು ಬರೆದು ಗಲ್ಲಕ್ಕೆ ಕೈ ಕೊಟ್ಟು ಕೂರ್ತೀವಿ, ಎರಡು ಸಾಲು ಅಳಿಸ್ತೀವಿ, ಎದ್ದು ಹೋಗಿ ಟೀ ಕುಡೀತೀವಿ. ಸುಳ್ಳು ಕೆಲಸಕ್ಕೆ ಯೋಚನೆ ಎಲ್ಲಿಂದ ಬರಬೇಕು? ಸದ್ದು ನಿಂತರೆ ನಿಂಗೆ ಗೊತ್ತಾಗಿಬಿಡುತ್ತೆ ಅಂತ ಹೆದರಿ ಒಂದೇ ಸಮ ಕುಟ್ಟಿದೆ. ಸದ್ದು ನಿಲ್ಲಲಿ ಅಂತ ನೀನು ಕಾದೆ. ಬಾಯಿ ಒಣಗಿದರೂ ಕಾದೆ. ಆ ಗುರುವಾರ ಮಧ್ಯಾಹ್ನವೂ ನೀನು ಕರೆಯಲಿಲ್ಲ, ನಂಗೆ ಗೊತ್ತಾಗಲಿಲ್ಲ. ಮೀನಿನ ಗಂಜಿ ತಂದಾಗ ಹಾಸಿಗೆ ನೆನೆದಿತ್ತು.

ನೀನು ದಿಂಬಿನಲ್ಲಿ ಮುಖ ಇಟ್ಟೇ, "ತಪ್ಪಾಯ್ತು ಕಣೇ, ನಿನ್ನ ಮೀಟಿಂಗ್ ಹಾಳಾಯ್ತೇನೋ" ಅಂದೆ. ಥೂ, ನನ್ನ ಜನ್ಮಕ್ಕಿಷ್ಟು! ಆಗಲಾದರೂ ಹೇಳಿದೆನಾ? "ಪರವಾಗಿಲ್ಲ ಬಿಡಮ್ಮ" ಅಂತ ನಿನ್ನನ್ನು ಕ್ಷಮಿಸೋ ದೊಡ್ಡತನ ಬೇರೆ ತೋರಿಸಿದೆ. ಆ ಬಟ್ಟೆ ಒಗೆಯುವಾಗ ನೀನು ಒಳಗಿಂದ ಇನ್ನೂ ತಪ್ಪಾಯ್ತು ಅಂತಲೇ ಇದ್ದೆ. ನೆನೆಸಿಕೊಂಡರೆ ಈಗಲೂ ನಾಚಿಕೆಯಿಂದ ಹಿಡಿಯಷ್ಟಾಗ್ತೀನಿ.

ಸೋಮವಾರ ರೈಲಿಗೆ ಬರ್ತೀನಿ, ನಿನ್ನ ಕರ್ಕೊಂಡು ಹೋಗೋಕೆ. ಈ ಸಲ ನಿನ್ನ ಹಾಸಿಗೆ ಪಕ್ಕದಲ್ಲೇ ಕೂತಿರ್ತೀನಿ, ಕೆಲಸ ಹುಡುಕೋದೂ ಅಲ್ಲಿಂದಲೇ. ಎಷ್ಟು ಬೇಕಾದರೂ ಬೈ, ನಾಲ್ಕು ಜನರ ಎದುರಿಗೇ ಬೈ. ಕಣ್ಣು ಮಾತ್ರ ಕಳ್ಕೋಬೇಡ.

ನಿನ್ನ ಮಗಳು ಅಂತ ಹೇಳಿಕೊಳ್ಳೋಕೂ ನಾಚುತ್ತಾ,
ಯುನ್

ತಾ.ಕ.: ಗುರುವಾರ ನೀನು ಕರೆಯಲಿಲ್ಲ ಅಂತ ಮೇಲೆ ಬರೆದಿದ್ದೀನಲ್ಲ, ಅದೂ ಸುಳ್ಳು. ಒಂದು ಸಲ ಕರೆದೆ, "ಯುನ್" ಅಂತ, ಮೆಲ್ಲಗೆ. ನಂಗೆ ಕೇಳಿಸಿತು. ಬೆಳಗ್ಗೆ ತಾನೇ ದೊಡ್ಡ ಮೀಟಿಂಗ್ ಇದೆ ಅಂತ ನಿಂಗೆ ಹೇಳಿದ್ದೆ, ಕರೆದ ಕೂಡಲೇ ಎದ್ದರೆ ಸಿಕ್ಕಿಬೀಳ್ತೀನಿ ಅಂತ ಇನ್ನೂ ಜೋರಾಗಿ ಕುಟ್ಟಿದೆ. ಆಮೇಲೆ ನೀನು ಕರೆಯಲಿಲ್ಲ.