ಚೊಂಬಿನ ಅಳತೆ

ಹಡಗಲಿ
೧೪ ಆಗಸ್ಟ್ ೨೦೦೮

ಮೊಬೈಲ್ ಒಡತಿ ರಮಾಳಿಗೆ ಪುಸ್ತಕದ ಗುಂಪಿನ ಮೆಹರೀನಳ ಸಲಾಂ.

ನೀನು ಗುಡೇಕೋಟೆಗೆ ತರಬೇತಿಗೆ ಹೋದಮೇಲೆ ನಮ್ಮ ನರ್ಸಿಂಗ್ ಹಾಸ್ಟೆಲಿನ ಕೋಣೆ ದೊಡ್ಡದಾಗಿದೆ. ಹಾಯಾಗಿದ್ದೇನೆ ಎಂದು ಬರೆಯಲು ಕುಳಿತೆ. ಸುಳ್ಳು ಯಾಕೆ, ಹೊಟ್ಟೆ ಉರಿಯುತ್ತಿದೆ.

ಮೊಬೈಲಿನಲ್ಲಿ ಓದಿದವರು ಚೆನ್ನಾಗಿ ಕಲಿಯುತ್ತಾರೋ, ಪುಸ್ತಕದಲ್ಲಿ ಓದಿದವರೋ ನೋಡೋಣ ಎಂದು ಶಿವಬಸಮ್ಮ ಮೇಡಂ ಚೀಟಿ ಎತ್ತಿದರಲ್ಲ, ಅವತ್ತೇ ನನ್ನ ನಸೀಬು ಕೆಟ್ಟಿತು. ರೋಗ, ಔಷಧಿ, ಪ್ರಮಾಣ ಎಲ್ಲ ತುಂಬಿದ ಮೊಬೈಲು ನಿನ್ನ ಪಾಲಾಯಿತು. ನಿನ್ನನ್ನು ಕಂಡು ಕರುಬಿದೆ ಎಂದುಕೊಳ್ಳಬೇಡ. ನಾನು ಕರುಬಿದ್ದು ಆ ಮೊಬೈಲನ್ನು ಕಂಡು. ಮೊದಲು ಯಾವ ಮಾತ್ರೆ ಯಾವಾಗ ಎಂದು ನೀನು ಮಲಗಿದ ನನ್ನನ್ನು ಎಬ್ಬಿಸಿ ಕೇಳುತ್ತಿದ್ದೆ, ನಾನು ಬೈಯುತ್ತಲೇ ಹೇಳುತ್ತಿದ್ದೆ. ಬಸ್ಸು ಹತ್ತುವಾಗ, "ಇನ್ನ ನಿನ್ನ ಕೇಳೂದು ಏನೈತಿ ಲೇ, ಎಲ್ಲಾ ಇದರಾಗ ಐತಿ" ಎಂದೆಯಲ್ಲ, ಆ ಮಾತು ಇನ್ನೂ ಚುಚ್ಚುತ್ತಿದೆ.

ಅದಕ್ಕೇ ಮೊನ್ನೆ ವಾರ್ಡನ್ ಕೋಣೆಗೆ ನಿನ್ನ ಫೋನ್ ಬಂದಾಗ ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ಅಲ್ಲಿ ನೀನು ನೋಡಿಕೊಳ್ಳುವ ಓಣಿಯ ಸುಂಕಮ್ಮನ ಮೊಮ್ಮಗುವಿಗೆ ಭೇದಿ. ಓಆರ್‌ಎಸ್ ಪೊಟ್ಟಣದ ಪುಡಿಯನ್ನು ಒಂದು ಲೀಟರ್ ನೀರಿಗೆ ಕಲಸಿ ಎಂದು ಮೊಬೈಲು ಹೇಳಿತ್ತು. ಸುಂಕಮ್ಮ ಮಾತ್ರ, "ಲೀಟ್ರು ಗೀಟ್ರು ನಂಗ ತಿಳಿಯಂಗಿಲ್ಲವ್ವ, ಎಷ್ಟು ಚೊಂಬು ಅದನ್ನ ಹೇಳು" ಎಂದು ಹಟ ಹಿಡಿದಿದ್ದಳು. ನೀರು ಕಡಿಮೆಯಾದರೆ ಮಗುವಿಗೆ ಅಪಾಯ ಎಂದು ನೀನು ಒಂದೇ ಸಮನೆ ಹೇಳುತ್ತಿದ್ದೆ. ಅಂಗಡಿಯಿಂದ ಲೀಟರ್ ನೀರಿನ ಬಾಟಲಿ ತಂದು ಅವಳ ಚೊಂಬಿಗೇ ಸುರಿದು ಎಷ್ಟು ಚೊಂಬಾಗುತ್ತದೆ ತೋರಿಸು, ನಾಳೆ ನೀನಿಲ್ಲದಿದ್ದರೂ ಅವಳಿಗೆ ಗೊತ್ತಿರಲಿ ಎಂದು ನಾನು ಹೇಳಿದೆ. ಮಗು ಚೇತರಿಸಿಕೊಂಡಿತು ಎಂದು ನಿನ್ನೆ ನೀನು ಮತ್ತೆ ಫೋನ್ ಮಾಡಿದಾಗ ನನಗಾದ ಖುಷಿ ಮಗುವಿಗಾಗಿ ಅಷ್ಟೇ ಅಲ್ಲ, ನೀನು ನನ್ನನ್ನು ಕೇಳಿದೆಯಲ್ಲ, ಅದಕ್ಕೂ.

ಇವತ್ತು ಮೇಡಂ ಕ್ಲಾಸಿನಲ್ಲಿ ಮೊಬೈಲಿನ ಬಗ್ಗೆ ನಮ್ಮ ಗುಂಪಿನ ಅಭಿಪ್ರಾಯವನ್ನೂ ಕೇಳಿದರು. ನಾನು ಎದ್ದು ನಿಂತು, "ಅದಕ್ಕ ಚೊಂಬು ಗೊತ್ತಿಲ್ರಿ ಮೇಡಂ" ಎಂದೆ. ಎಲ್ಲರೂ ನಕ್ಕರು, ಮೇಡಂ ಮಾತ್ರ ನಗಲಿಲ್ಲ. ಗೆದ್ದೆ ಎಂದುಕೊಂಡು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಇಂತಿ,
ನಿನ್ನ ಹಳೇ ಮೊಬೈಲು,
ಮೆಹರೀನ

ತಾ.ಕ.: ಊಟವಾದ ಮೇಲೆ ಮೇಡಂ ಕರೆದು, ಚೊಂಬಿನ ಉಪಾಯ ಬರೆದುಕೊಡು, ಎಲ್ಲ ಮೊಬೈಲುಗಳಿಗೂ ಹಾಕಿಸುತ್ತೇನೆ ಎಂದರು. ಮರೆತಿದ್ದೇನೆ ಎಂಬ ಮಾತು ಬಾಯಿಗೆ ಬಂದಿತ್ತು. ಸುಂಕಮ್ಮನ ಮೊಮ್ಮಗು ನೆನಪಾಯಿತು, ಬರೆದುಕೊಟ್ಟೆ. ಇನ್ನು ನೀನು ನನ್ನನ್ನು ಕೇಳುವುದು ನಿಜವಾಗಿಯೂ ಏನೂ ಉಳಿದಿಲ್ಲ. ಆದರೂ ಫೋನ್ ಮಾಡು ಲೇ.