ಬಚ್ಚಲ ಒಲೆಗೆ ಹೋದ ಕಾಗದಗಳು

ವಾಟ್ಸನ್‌ವಿಲ್, ಕ್ಯಾಲಿಫೋರ್ನಿಯಾ
ಮಾರ್ಚ್ 1948

ಪ್ರೀತಿಯ ಇಸಾಮು ಅಣ್ಣನಿಗೆ,

ವಾಕಾಯಾಮಾದ ಅಜ್ಜಿ ಮನೆಯಿಂದ ನೀನು ಬರೆದದ್ದು ತಲುಪಿತು. ಜಪಾನಿನ ಸೈನ್ಯಕ್ಕೆ ನೀನಾಗಿ ಸೇರಿದವನಲ್ಲ, ಬಲವಂತದಿಂದ ಸೇರಿಸಿಕೊಂಡರು ಎಂಬುದಕ್ಕೆ ಅಮೆರಿಕದ ಅಧಿಕಾರಿ ಸಾಕ್ಷಿ ಕೇಳಿದ್ದಾನಂತೆ. ಇಲ್ಲದಿದ್ದರೆ ಹುಟ್ಟಿದ ಈ ಊರಿಗೆ ನೀನು ಮರಳುವಂತಿಲ್ಲವಂತೆ. "ಯುದ್ಧಕ್ಕೆ ಮೊದಲು, ವಾಪಸ್ ಕರೆಸಿಕೊಳ್ಳಿ ಅಂತ ಗೋಗರೆದು ಬರೆದಿದ್ದೆನಲ್ಲ, ಆ ಕಾಗದಗಳನ್ನು ಕಳಿಸು. ಹರಿದ ಕಾಲುಚೀಲವನ್ನೂ ಜೋಪಾನ ಮಾಡುವವಳು ನೀನು" ಎಂದಿದ್ದೀಯ.

ಅಣ್ಣಾ, ಅವು ಇಲ್ಲ.

ಜಪಾನಿಗೂ ಅಮೆರಿಕಕ್ಕೂ ಯುದ್ಧ ಶುರುವಾದ ಮಾರನೆಯ ದಿನ ಪಕ್ಕದ ತೋಟದ ಮೊರಿತಾ ಮಾವನನ್ನು ಇಲ್ಲಿನ ಪೊಲೀಸರು ಮನೆ ಚಪ್ಪಲಿಯಲ್ಲೇ ಹಿಡಿದೊಯ್ದರು. ಅವರ ಮನೆಯಲ್ಲಿ ಸಿಕ್ಕಿದ್ದು ಒಂದು ಕಟ್ಟು ಜಪಾನಿ ಪತ್ರ, ಅಷ್ಟೇ. ಅಪ್ಪ ಬಚ್ಚಲ ಒಲೆ ಹೊತ್ತಿಸಿ ಪತ್ರಿಕೆ, ಪುಸ್ತಕ, ಅಜ್ಜನ ಪಟ ಎಲ್ಲ ಹಾಕಿದರು. ನಿನ್ನ ಕಾಗದಗಳನ್ನು ಮಾತ್ರ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟರು. ಅವರು ಸೌದೆ ತರಲು ಹೋದಾಗ ನಾನೇ ತೆಗೆದು ಒಲೆಗೆ ಹಾಕಿದೆ. ನನಗಾಗ ಹದಿಮೂರು ವರ್ಷ, ಅಪ್ಪನನ್ನೂ ಒಯ್ದುಬಿಡುತ್ತಾರೆಂದು ಹೆದರಿದ್ದೆ. ಸಂಜೆ ಎಲ್ಲರೂ ಆ ನೀರಿನಲ್ಲೇ ಮಿಂದೆವು. ಇವತ್ತು ನೀರು ಹದವಾಗಿ ಕಾದಿದೆ ಎಂದು ಅಮ್ಮ ಮೆಚ್ಚಿಕೊಂಡಳು. ವಾರದೊಳಗೆ ಅಪ್ಪನನ್ನು ಒಯ್ದೇ ಒಯ್ದರು.

ಇಷ್ಟು ವರ್ಷ, ಅವರು ಬಿಡುಗಡೆಯಾಗಿ ಮನೆಗೆ ಬಂದ ಮೇಲೂ, ಬಾಯಿ ಬಿಡದೆ ಇದ್ದೆ. ಮೊನ್ನೆ ನಿನ್ನ ಪತ್ರ ಹಿಡಿದು ಅಪ್ಪನಿಗೆ ಎಲ್ಲ ಹೇಳಿದೆ. ಸ್ಟ್ರಾಬೆರಿ ಸಾಲಿನಲ್ಲಿ ಬಗ್ಗಿದ್ದವರು ಎದ್ದು ನಿಂತು ಸೊಂಟ ಹಿಡಿದುಕೊಂಡರು. "ಸುಟ್ಟವನು ನಾನು ಅಂತ ಬರಿ. ಅವನನ್ನ ಓದು ಓದು ಅಂತ ಅಲ್ಲಿಗೆ ಅಟ್ಟಿದವನೂ ನಾನೇ ತಾನೆ? ಅದರ ಜೊತೆಗೆ ಇದೂ ಒಂದಿರಲಿ" ಎಂದರು. ನಾನು ಒಪ್ಪಲಿಲ್ಲ.

ನಿನ್ನೆ ವಕೀಲರ ಮುಂದೆ ಪ್ರಮಾಣ ಮಾಡಿ, ನೆನಪಿದ್ದಷ್ಟನ್ನು ಬರೆಸಿದೆ. ಶಾಲೆಯ ಹುಡುಗರು ನಿನ್ನನ್ನು ಅಮೆರಿಕದವನೆಂದು ಹೊಡೆದದ್ದು, ನೀನು ಹಡಗಿನ ಟಿಕೆಟ್ ಕೇಳಿದ್ದು, ಅಪ್ಪ ಓದು ಮುಗಿಸಿ ಬಾ ಎಂದದ್ದು. ತಾರೀಕುಗಳು ನೆನಪಿಲ್ಲ. ಕಾಗದ ಸುಟ್ಟವರು ಯಾರು ಎಂದು ಕೇಳಿದರು. ನಾನು ಎಂದು ಬರೆಸಿ ರುಜು ಹಾಕಿದೆ.

ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಕೆಲಸ ಇದು, ಬಲ್ಲೆ. ಇಷ್ಟು ಸಾಕಾದೀತೋ ಇಲ್ಲವೋ ವಕೀಲರಿಗೂ ಗೊತ್ತಿಲ್ಲ. ಸಾಲದೆ ಹೋದರೆ ನಿನ್ನ ದಾರಿ ಮುಚ್ಚಿದವಳು ಒಡಹುಟ್ಟಿದ ನಾನೇ.

ಈ ಕಾಗದವನ್ನೂ ಆ ಅಧಿಕಾರಿಯ ಮುಂದೆ ಇಡು. ಒಂದು ಸಾಲನ್ನೂ ಮುಚ್ಚಬೇಡ. ನಾಚಿಕೆ ನನಗಿರಲಿ, ನೀನು ಬಾ.

ಬಂದು ಎದುರು ನಿಂತು ನನ್ನನ್ನು ಬೈಯುವಷ್ಟು ಆಯುಸ್ಸು, ಆರೋಗ್ಯ ನಿನಗಿರಲಿ.

ನಿನ್ನ ತಂಗಿ,
ಫುಸಾಯೆ